ಕೆಟ್ಟ ಕೆಪಾಸಿಟರ್‌ಗೆ ಸರಿಯಾದ ಬದಲಿ: ಸರ್ಕಿಟ್ ಬೋರ್ಡ್ ದುರಸ್ತಿಗೆ ದೋಷ ನಿವಾರಣೆ ಕೈಪಿಡಿ

ಬೋರ್ಡಿನಿಂದ ಬಿಚ್ಚಿ ತೆಗೆದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಮೈಮೇಲೆ ಮೊದಲು ಕಣ್ಣಿಗೆ ಬೀಳುವುದು ಎರಡೇ ಸಂಖ್ಯೆಗಳು: 1000 ಮೈಕ್ರೊಫ್ಯಾರಡ್, 16 ವೋಲ್ಟ್. ದುರಸ್ತಿ ಕಲಿಯುತ್ತಿರುವವರು ಈ ಎರಡನ್ನೇ ಬರೆದುಕೊಂಡು ಹೋಗಿ ಬದಲಿ ತಂದು ಬೆಸೆಯುತ್ತಾರೆ. ಉಪಕರಣವೂ ಆ ದಿನ ಚೆನ್ನಾಗಿಯೇ ಓಡುತ್ತದೆ. ನಾನೂ ಒಂದು ಮಾನಿಟರ್‌ನ ಪವರ್ ಸಪ್ಲೈಗೆ ಹಾಗೆಯೇ ಮಾಡಿದ್ದೆ. ಎಂಟು ತಿಂಗಳಿಗೆ ಅದೇ ಮಾನಿಟರ್ ಅದೇ ದೋಷ ಹೊತ್ತು ಮೇಜಿಗೆ ಮರಳಿತು, ನಾನು ಹಾಕಿದ ಹೊಸ ಕೆಪಾಸಿಟರ್‌ಗಳ ತಲೆ ಹಳೆಯವುಗಳಂತೆಯೇ ಉಬ್ಬಿತ್ತು. ಸಂಖ್ಯೆಗಳಲ್ಲಿ ತಪ್ಪಿರಲಿಲ್ಲ, ಆ ಜಾಗದ ಕೆಲಸಕ್ಕೆ ಒಗ್ಗದ ಜಾತಿಯ ಕೆಪಾಸಿಟರ್ ಹಾಕಿದ್ದೇ ತಪ್ಪು. ಹಾಗಾಗಿ ಕೆಪಾಸಿಟರ್ ಏನು ಎಂದು ಓದುವುದಕ್ಕಿಂತ ಮೊದಲು, ಅದು ಬೋರ್ಡಿನಲ್ಲಿ ಏನು ಮಾಡುತ್ತಿತ್ತು ಮತ್ತು ಏಕೆ ಸತ್ತಿತು ಎಂದು ಕೇಳುವುದನ್ನೇ ಈ ಬರಹ ದಾರಿಯಾಗಿ ಹಿಡಿಯುತ್ತದೆ.

ಮುಟ್ಟುವ ಮೊದಲು

ಮೇನ್ಸ್ ವಿದ್ಯುತ್ತಿನಿಂದ ನಡೆಯುವ ಸ್ವಿಚಿಂಗ್ ಪವರ್ ಸಪ್ಲೈಯಲ್ಲಿ ಎಸಿಯನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್‌ನ ಪಕ್ಕದಲ್ಲಿರುವ ದೊಡ್ಡ ಕೆಪಾಸಿಟರ್, 230 ವೋಲ್ಟ್ ಪೂರೈಕೆಯಿದ್ದಲ್ಲಿ ಸುಮಾರು 325 ವೋಲ್ಟ್‌ಗೆ ಚಾರ್ಜ್ ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಬಹಳ ಹೊತ್ತು ಉಳಿಯಬಹುದು. 220 ಮೈಕ್ರೊಫ್ಯಾರಡ್‌ನ ಅಂಥ ಒಂದು ಕೆಪಾಸಿಟರ್‌ನಲ್ಲಿ ಹನ್ನೊಂದು ಜೂಲ್‌ಗೂ ಹೆಚ್ಚು ಶಕ್ತಿ ಇರುತ್ತದೆ. ಅದು ಜೀವಕ್ಕೇ ಅಪಾಯ ತರಬಲ್ಲದು. ಸ್ಕ್ರೂಡ್ರೈವರ್‌ನಿಂದ ಎರಡು ಕಾಲುಗಳನ್ನು ತಾಗಿಸಿ ಕಿಡಿ ಹಾರಿಸುವ ಅಭ್ಯಾಸವನ್ನು ಬಿಡಬೇಕು. 2.2 ಕಿಲೋಓಮ್‌ನ, ಐದು ವಾಟ್‌ಗೆ ಕಡಿಮೆಯಿಲ್ಲದ ವೈರ್‌ವೌಂಡ್ ರೆಸಿಸ್ಟರ್ ಒಂದಕ್ಕೆ ಇನ್ಸುಲೇಶನ್ ಇರುವ ಪ್ರೋಬ್‌ಗಳನ್ನು ಜೋಡಿಸಿಟ್ಟುಕೊಂಡು, ಹತ್ತು ಸೆಕೆಂಡ್ ಹಿಡಿದು, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿದ ನಂತರವೇ ಬೋರ್ಡಿಗೆ ಕೈ ಹಾಕಬೇಕು. ಖಾಲಿಯಾದ ಕೆಪಾಸಿಟರ್‌ನಲ್ಲಿ ಕೆಲವು ನಿಮಿಷಗಳ ಬಳಿಕ ಒಂದಿಷ್ಟು ವೋಲ್ಟೇಜ್ ತಾನಾಗಿಯೇ ಮರಳಿ ಕಾಣಿಸಿಕೊಳ್ಳುವುದೂ ಉಂಟು, ಆದ್ದರಿಂದ ಮೇಜಿನಿಂದ ಎದ್ದು ಹೋಗಿ ಬಂದಾಗ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ದೋಷ ನಿಜವಾಗಿಯೂ ಕೆಪಾಸಿಟರ್‌ನದೇ?

ತಲೆ ಉಬ್ಬಿದ, ತಳದ ರಬ್ಬರ್ ಹೊರದಬ್ಬಿದ, ಕಂದು ಹುಡಿ ಕಟ್ಟಿದ ಕೆಪಾಸಿಟರ್ ಕಂಡರೆ ಹೆಚ್ಚು ಯೋಚಿಸಬೇಕಾಗಿಲ್ಲ. 2000ದ ದಶಕದ ಮೊದಲರ್ಧದಲ್ಲಿ ತಯಾರಾದ ಕಂಪ್ಯೂಟರ್ ಮದರ್‌ಬೋರ್ಡ್‌ಗಳಲ್ಲಿ ದೋಷಪೂರಿತ ಎಲೆಕ್ಟ್ರೋಲೈಟ್‌ನಿಂದಾಗಿ ಹೀಗೆ ಸಾಲುಸಾಲಾಗಿ ಉಬ್ಬಿದ ಕೆಪಾಸಿಟರ್‌ಗಳನ್ನು ಅಂದಿನ ದುರಸ್ತಿಗಾರರೆಲ್ಲ ನೋಡಿದ್ದಾರೆ. ಕಷ್ಟ ಕೊಡುವುದು ಹೊರಗೆ ಯಾವ ಗುರುತನ್ನೂ ತೋರದೆ ಒಳಗೆ ಒಣಗಿಹೋದ ಕೆಪಾಸಿಟರ್. ಅದರ ಧಾರಣ ಸಾಮರ್ಥ್ಯ ಬಹುಪಾಲು ಉಳಿದೇ ಇರಬಹುದು, ಆದರೆ ಅದರೊಳಗಿನ ಸರಣಿ ಪ್ರತಿರೋಧ, ಅಂದರೆ ನಾವು ಇಎಸ್‌ಆರ್ ಎಂದು ಕರೆಯುವುದು, ಹತ್ತಾರು ಪಟ್ಟು ಏರಿರುತ್ತದೆ. ಇಎಸ್‌ಆರ್ ಏರಿದ ಕೆಪಾಸಿಟರ್ ವೇಗವಾಗಿ ಬದಲಾಗುವ ಕರೆಂಟನ್ನು ನುಂಗಲಾರದು. ಔಟ್‌ಪುಟ್‌ನಲ್ಲಿ ಅಲೆ ಹೆಚ್ಚುತ್ತದೆ, ಮೈಕ್ರೊಕಂಟ್ರೋಲರ್ ಕಾರಣವಿಲ್ಲದೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಪರದೆ ಮಿನುಗುತ್ತದೆ, ಧ್ವನಿಯಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ.

ತಣ್ಣಗಿರುವಾಗ ಚಾಲೂ ಆಗದೆ, ಹತ್ತಾರು ಸಲ ಸ್ವಿಚ್ ಹಾಕಿ ತೆಗೆದ ಮೇಲೆ ಎದ್ದು ನಿಲ್ಲುವ ಉಪಕರಣ ಈ ಬಗೆಯ ದೋಷದ ಹಳೆಯ ಪರಿಚಿತ. ಎಲೆಕ್ಟ್ರೋಲೈಟ್ ಬಿಸಿಯಾದಂತೆ ಇಎಸ್‌ಆರ್ ಇಳಿಯುವುದೇ ಇದಕ್ಕೆ ಕಾರಣ. ಶಂಕೆಯಿರುವ ಕೆಪಾಸಿಟರ್‌ಗೆ ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿಗಾಳಿ ಊದಿದಾಗ ಉಪಕರಣ ಒಂದೇ ಸಲಕ್ಕೆ ಚಾಲೂ ಆದರೆ ಅಪರಾಧಿ ಅಲ್ಲೇ ಸುತ್ತಮುತ್ತ ಇದ್ದಾನೆ. ಸ್ವಿಚಿಂಗ್ ಸಪ್ಲೈಗಳಲ್ಲಿ ಇದು ಹೆಚ್ಚಾಗಿ ನಿಯಂತ್ರಣ ಐಸಿಗೆ ಶಕ್ತಿ ಕೊಡುವ 22 ಅಥವಾ 47 ಮೈಕ್ರೊಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಯುಸಿ3842 ಐಸಿಯನ್ನೇ ತೆಗೆದುಕೊಂಡರೆ, ಅದು ಸುಮಾರು 16 ವೋಲ್ಟ್‌ನಲ್ಲಿ ಎಚ್ಚೆತ್ತು, ಪೂರೈಕೆ 10 ವೋಲ್ಟ್‌ಗೆ ಕುಸಿದರೆ ಮಲಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸಹಾಯಕ ಸುರುಳಿಯಿಂದ ಪೂರೈಕೆ ಬರುವವರೆಗೆ ಐಸಿಯನ್ನು ಎಚ್ಚರವಾಗಿಡುವ ಕೆಲಸ ಆ ಪುಟ್ಟ ಕೆಪಾಸಿಟರ್‌ನದು. ಅದು ಒಣಗಿದಾಗ ಸಪ್ಲೈ ಟಿಕ್ ಟಿಕ್ ಎನ್ನುತ್ತ ಎದ್ದು ಬೀಳುತ್ತಿರುತ್ತದೆ. ದೊಡ್ಡ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿ ಸೋತು ಕೊನೆಗೆ ಇದನ್ನು ನೋಡುವವರೇ ಹೆಚ್ಚು.

ಸಾಮಾನ್ಯ ಮಲ್ಟಿಮೀಟರ್‌ನ ಕೆಪಾಸಿಟೆನ್ಸ್ ಶ್ರೇಣಿಯನ್ನು ಇಂಥಲ್ಲಿ ನಂಬಬಾರದು, ಏಕೆಂದರೆ ಅದು ಕಡಿಮೆ ವೇಗದಲ್ಲಿ ಅಳೆಯುತ್ತದೆ ಮತ್ತು ಇಎಸ್‌ಆರ್‌ ಎಷ್ಟೆಂದು ಹೇಳುವುದಿಲ್ಲ. ಸುಮಾರು 100 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಇಎಸ್‌ಆರ್ ಮೀಟರ್ ಬೇಕು. ಅದು ಹಾಯಿಸುವ ವೋಲ್ಟೇಜ್ ಡಯೋಡ್‌ಗಳನ್ನು ತೆರೆಯದಷ್ಟು ಕಡಿಮೆಯಿರುವುದರಿಂದ ಬೋರ್ಡಿನಲ್ಲಿದ್ದಂತೆಯೇ ಅಳೆಯಬಹುದು. ಓದನ್ನು ತೂಗಿ ನೋಡುವಾಗ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 1000 ಮೈಕ್ರೊಫ್ಯಾರಡ್‌ನ ಒಳ್ಳೆಯ ಕೆಪಾಸಿಟರ್ ಓಮ್‌ನ ಹತ್ತನೇ ಒಂದು ಭಾಗಕ್ಕಿಂತ ಕೆಳಗಿರುತ್ತದೆ, ಆದರೆ 1 ಮೈಕ್ರೊಫ್ಯಾರಡ್‌ನದು ಹಲವು ಓಮ್ ತೋರಿದರೂ ಆರೋಗ್ಯವಾಗಿರಬಹುದು. ಅದೇ ಸಾಮರ್ಥ್ಯದ ಹೊಸದೊಂದನ್ನು ಪಕ್ಕದಲ್ಲಿಟ್ಟು ಅಳೆದು ಹೋಲಿಸುವುದಕ್ಕಿಂತ ನಂಬಿಕಸ್ಥ ಕೋಷ್ಟಕ ಬೇರೆ ಇಲ್ಲ. ಎರಡು ಮೋಸಗಳು ಮಾತ್ರ ನೆನಪಿರಲಿ. ಶಾರ್ಟ್ ಆದ ಕೆಪಾಸಿಟರ್ ಇಎಸ್‌ಆರ್ ಮೀಟರ್‌ಗೆ ಅತ್ಯುತ್ತಮವಾಗಿ ಕಾಣುತ್ತದೆ. ಸಮಾನಾಂತರವಾಗಿ ಜೋಡಿಸಿರುವ ಹಲವು ಕೆಪಾಸಿಟರ್‌ಗಳಲ್ಲಿ ಒಂದು ಚೆನ್ನಾಗಿದ್ದರೂ ಉಳಿದವುಗಳ ಕಾಯಿಲೆ ಮರೆಯಾಗುತ್ತದೆ.

ಕೆಪಾಸಿಟರ್‌ನ ಬುಡದಲ್ಲಿ ಕಾಣುವ ಕಂದು ಬಣ್ಣವೆಲ್ಲ ಸೋರಿಕೆಯೇನಲ್ಲ. ಅಲುಗಾಡದಿರಲೆಂದು ಕಾರ್ಖಾನೆಯಲ್ಲಿ ಹಾಕಿದ ಹಳದಿ ಅಂಟು ವರ್ಷಗಟ್ಟಲೆ ಬಿಸಿಗೆ ಕಂದಾಗಿರಬಹುದು. ಹಾಗೆಂದು ಅದನ್ನು ಹಾಗೆಯೇ ಬಿಡುವುದೂ ಸರಿಯಲ್ಲ: ಆ ಬಗೆಯ ಕೆಲವು ಹಳೆಯ ಅಂಟುಗಳು ಹಳತಾದಂತೆ ವಿದ್ಯುತ್ತನ್ನು ಹರಿಯಬಿಡುತ್ತವೆ, ಪಕ್ಕದ ಬಿಡಿಭಾಗಗಳ ಕಾಲುಗಳನ್ನೂ ತಿನ್ನುತ್ತವೆ, ಕೆರೆದು ತೆಗೆಯಬೇಕು.

ಕೆಪಾಸಿಟರ್‌ನ ಕೆಲಸ ಗುರುತಿಸುವುದು

ಬದಲಿಯ ಆಯ್ಕೆ ಇಲ್ಲಿಂದ ಶುರುವಾಗುತ್ತದೆ. ಬ್ರಿಡ್ಜ್ ರೆಕ್ಟಿಫೈಯರ್‌ನ ನಂತರ ಇರುವುದು 100 ಅಥವಾ 120 ಹರ್ಟ್ಸ್‌ನ ನಿಧಾನದ ಅಲೆಯನ್ನು ತಡೆಯುವ ಸಂಗ್ರಾಹಕ. ಅಲ್ಲಿ ಸಾಮರ್ಥ್ಯವೂ ವೋಲ್ಟೇಜೂ ಮುಖ್ಯ. ಸ್ವಿಚಿಂಗ್ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿ, ವೇಗದ ಡಯೋಡ್‌ನ ನಂತರ ಇರುವುದು ಹತ್ತಾರು ಕಿಲೋಹರ್ಟ್ಸ್‌ನ ಕರೆಂಟನ್ನು ಕ್ಷಣಕ್ಷಣವೂ ನುಂಗಿ ಉಗುಳುವ ಕೂಲಿ. ಅಲ್ಲಿ ಇಎಸ್‌ಆರ್ ಮತ್ತು ರಿಪಲ್ ಕರೆಂಟ್, ಅಂದರೆ ಕೆಪಾಸಿಟರ್ ತಾಳಬಲ್ಲ ಏರಿಳಿತದ ಕರೆಂಟ್, ಮುಖ್ಯ, ಸಾಮರ್ಥ್ಯ ತುಸು ಹೆಚ್ಚಾದರೂ ಅಡ್ಡಿಯಿಲ್ಲ. ಐಸಿಯ ಪಕ್ಕದಲ್ಲಿನ ಪುಟ್ಟ ಸೆರಾಮಿಕ್, ಐಸಿ ಒಮ್ಮೆಗೇ ಎಳೆಯುವ ಕರೆಂಟನ್ನು ಹತ್ತಿರದಿಂದಲೇ ಒದಗಿಸುತ್ತದೆ. ಕಾಲಮಾಪನ ಮತ್ತು ಫಿಲ್ಟರ್ ಸರ್ಕಿಟ್‌ಗಳಲ್ಲಿರುವುದರ ಸಾಮರ್ಥ್ಯ ಬದಲಾದರೆ ಸರ್ಕಿಟ್‌ನ ನಡವಳಿಕೆಯೇ ಬದಲಾಗುತ್ತದೆ, ಆದ್ದರಿಂದ ಅಲ್ಲಿ "ಸುಮಾರಾಗಿ ಹೊಂದುತ್ತದೆ" ಎಂಬ ಮಾತಿಲ್ಲ.

ಸ್ವಿಚಿಂಗ್ ಸಪ್ಲೈಯ ಔಟ್‌ಪುಟ್ ಕೆಪಾಸಿಟರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುರಸ್ತಿಗೆ ಬರುವ ಕೆಪಾಸಿಟರ್ ದೋಷಗಳಲ್ಲಿ ದೊಡ್ಡ ಪಾಲು ಇಲ್ಲಿಯದು. 1000 ಮೈಕ್ರೊಫ್ಯಾರಡ್, 16 ವೋಲ್ಟ್‌ನ ಎರಡು ಕೆಪಾಸಿಟರ್‌ಗಳು ನೋಡಲು ಅವಳಿಗಳಂತಿದ್ದರೂ, ಸಾಮಾನ್ಯ ಬಳಕೆಯ ಸರಣಿಯದಕ್ಕೆ ಅರ್ಧ ಆಂಪಿಯರ್ ಆಸುಪಾಸಿನ ರಿಪಲ್ ಕರೆಂಟನ್ನಷ್ಟೇ ನಮೂದಿಸಿರುತ್ತಾರೆ, ಕಡಿಮೆ ಇಂಪೀಡೆನ್ಸ್ (ವೇಗವಾಗಿ ಬದಲಾಗುವ ಕರೆಂಟಿಗೆ ಒಡ್ಡುವ ತಡೆ) ಸರಣಿಯದು ಒಂದು ಆಂಪಿಯರ್‌ಗೂ ಮಿಗಿಲಾಗಿ ತಾಳುತ್ತದೆ. ಹರಿಯುವ ಕರೆಂಟಿನ ವರ್ಗಕ್ಕೆ ಇಎಸ್‌ಆರ್ ಗುಣಿಸಿದಷ್ಟು ಶಾಖ ಕೆಪಾಸಿಟರ್‌ನ ಒಳಗೇ ಹುಟ್ಟುತ್ತದೆ. ಶಾಖ ಎಲೆಕ್ಟ್ರೋಲೈಟನ್ನು ಒಣಗಿಸುತ್ತದೆ, ಒಣಗಿದಂತೆ ಇಎಸ್‌ಆರ್ ಏರುತ್ತದೆ, ಏರಿದಂತೆ ಶಾಖ ಇನ್ನೂ ಹೆಚ್ಚುತ್ತದೆ. ನನ್ನ ಮಾನಿಟರ್‌ನಲ್ಲಿ ಆದದ್ದು ಇದೇ. ತಯಾರಕರ ಡೇಟಾಶೀಟ್‌ನಲ್ಲಿ ಎರಡು ಸರಣಿಗಳ ರಿಪಲ್ ಕರೆಂಟ್ ಹೋಲಿಸುವಾಗ ಅದನ್ನು ಯಾವ ಆವರ್ತನದಲ್ಲಿ ನಮೂದಿಸಿದ್ದಾರೆಂದೂ ನೋಡಬೇಕು: 120 ಹರ್ಟ್ಸ್‌ನ ಸಂಖ್ಯೆಯನ್ನು 100 ಕಿಲೋಹರ್ಟ್ಸ್‌ನ ಸಂಖ್ಯೆಯೊಂದಿಗೆ ನೇರವಾಗಿ ತೂಗುವಂತಿಲ್ಲ. ಹಳೆಯ ಕೆಪಾಸಿಟರ್‌ನ ಮೈಮೇಲೆ ತಯಾರಕರ ಗುರುತಿನ ಪಕ್ಕದಲ್ಲಿ ಎರಡು ಮೂರು ಅಕ್ಷರಗಳ ಸರಣಿ ಹೆಸರು ಇರುತ್ತದೆ. ಅದನ್ನು ಹಿಡಿದು ಡೇಟಾಶೀಟ್ ಹುಡುಕಿದರೆ ಬದಲಿಗೆ ಬೇಕಾದ ಇಎಸ್‌ಆರ್, ರಿಪಲ್ ಕರೆಂಟ್, ಆಯಸ್ಸು ಮೂರೂ ಒಂದೇ ಕಡೆ ಸಿಗುತ್ತವೆ.

ಸಂಖ್ಯೆಗಳಲ್ಲಿ ಎಷ್ಟು ಸಲಿಗೆ

ವೋಲ್ಟೇಜ್ ಎಂದೂ ಮೂಲಕ್ಕಿಂತ ಕಡಿಮೆಯಾಗಬಾರದು, ಒಂದು ಮೆಟ್ಟಿಲು ಹೆಚ್ಚಾದರೆ ಒಳ್ಳೆಯದೇ. 12 ವೋಲ್ಟ್ ಸಾಲಿನಲ್ಲಿ 16 ವೋಲ್ಟ್‌ನದು ಇದ್ದರೆ 25 ವೋಲ್ಟ್‌ನದನ್ನು ಹಾಕಬಹುದು. ಪವರ್ ಫ್ಯಾಕ್ಟರ್ ತಿದ್ದುವ ಸರ್ಕಿಟ್ ಇರುವ ಸಪ್ಲೈಗಳಲ್ಲಿ ದೊಡ್ಡ ಕೆಪಾಸಿಟರ್ ಸದಾ 380ರಿಂದ 400 ವೋಲ್ಟ್‌ನಲ್ಲಿ ನಿಲ್ಲುವುದರಿಂದ, ಅಲ್ಲಿ ಇದ್ದ 450 ವೋಲ್ಟ್‌ನದರ ಜಾಗಕ್ಕೆ ಕೈಗೆ ಸಿಕ್ಕಿತೆಂದು 400 ವೋಲ್ಟ್‌ನದನ್ನು ಹಾಕುವುದು ದುಡುಕು.

ಸಾಮರ್ಥ್ಯದ ವಿಷಯದಲ್ಲಿ, ಸಾಮಾನ್ಯ ಎಲೆಕ್ಟ್ರೋಲೈಟಿಕ್‌ಗಳೇ ಶೇಕಡಾ 20ರಷ್ಟು ಆಚೀಚೆ ಇರಬಹುದೆಂದು ತಯಾರಕರು ಒಪ್ಪಿರುತ್ತಾರೆ. ಆದ್ದರಿಂದ ಪವರ್ ಸಪ್ಲೈಯ ಅಲೆ ತಡೆಯುವ ಜಾಗದಲ್ಲಿ 820ರ ಬದಲು 1000 ಮೈಕ್ರೊಫ್ಯಾರಡ್ ಹಾಕಿದರೆ ಆತಂಕವಿಲ್ಲ. ದುಪ್ಪಟ್ಟು ಮೂರುಪಟ್ಟು ಮಾಡುವುದು ಮಾತ್ರ ಬೇಡ: ಚಾಲೂ ಆಗುವ ಕ್ಷಣದ ಕರೆಂಟ್ ಏರಿ ರೆಕ್ಟಿಫೈಯರ್‌ಗೂ ಫ್ಯೂಸ್‌ಗೂ ಪೆಟ್ಟು ಬೀಳುತ್ತದೆ, ಕೆಲವು ಸಪ್ಲೈಗಳು ಅದನ್ನು ಶಾರ್ಟ್ ಎಂದು ಭಾವಿಸಿ ಮಲಗಿಬಿಡುತ್ತವೆ. ಬೇಕಾದ ಸಾಮರ್ಥ್ಯದ್ದು ಸಿಗದಿದ್ದಾಗ 470ರ ಎರಡನ್ನು ಸಮಾನಾಂತರವಾಗಿ ಹಾಕುವ ಉಪಾಯವಿದೆ. ಇಎಸ್‌ಆರ್ ಅರ್ಧಕ್ಕಿಳಿದು, ರಿಪಲ್ ಕರೆಂಟ್ ಇಬ್ಬರಿಗೂ ಹಂಚಿಹೋಗುತ್ತದೆ.

ಉಷ್ಣತೆಯ ಗುರುತು ಕೇವಲ ಗಡಿಯಲ್ಲ, ಆಯಸ್ಸಿನ ಲೆಕ್ಕವೂ ಹೌದು. ದ್ರವ ಎಲೆಕ್ಟ್ರೋಲೈಟ್ ಇರುವ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ತಂಪಿಗೆ ಸ್ಥೂಲವಾಗಿ ದುಪ್ಪಟ್ಟಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಎಂದಿರುವುದು 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ, ಅಂದರೆ ಬಿಡುವಿಲ್ಲದೆ ಓಡಿದರೆ ಮೂರೂವರೆ ವರ್ಷ ಬರುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಎಂದಿರುವುದು ಅದೇ 65 ಡಿಗ್ರಿಯಲ್ಲಿ 8,000 ಗಂಟೆ, ಹನ್ನೊಂದು ತಿಂಗಳು. ಹೀಟ್‌ಸಿಂಕ್‌ಗೆ ಅಂಟಿಕೊಂಡಂತೆ ಇರುವ ಜಾಗಕ್ಕೆ 105 ಡಿಗ್ರಿಯ, 5,000 ಅಥವಾ 10,000 ಗಂಟೆಯ ಸರಣಿಯನ್ನು ಹುಡುಕುವ ಶ್ರಮ ಸಾರ್ಥಕ.

ಅತಿ ಒಳ್ಳೆಯದೂ ಕೆಡಿಸುವ ಜಾಗ

ಇಎಸ್‌ಆರ್ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಇಷ್ಟು ಹೇಳಿದ ಮೇಲೆ, ಅದರ ವಿರುದ್ಧದ ಮಾತನ್ನೂ ಹೇಳಬೇಕು. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ, ಹಳೆಯ ವಿನ್ಯಾಸದ ಕೆಲವು ಲೀನಿಯರ್ ರೆಗ್ಯುಲೇಟರ್‌ಗಳು ತಮ್ಮ ಔಟ್‌ಪುಟ್ ಕೆಪಾಸಿಟರ್‌ನ ಇಎಸ್‌ಆರ್ ಅನ್ನೇ ಸ್ಥಿರತೆಗೆ ನೆಚ್ಚಿಕೊಂಡಿರುತ್ತವೆ. ಅಂಥದ್ದೊಂದು ರೆಗ್ಯುಲೇಟರ್ ಐಸಿ ಎಲ್‌ಎಂ1117ರ ಡೇಟಾಶೀಟ್ ಆ ಇಎಸ್‌ಆರ್ 0.3 ಓಮ್‌ನಿಂದ 22 ಓಮ್‌ಗಳ ನಡುವೆ ಇರಬೇಕೆಂದು ಹೇಳುತ್ತದೆ. ಅಲ್ಲಿದ್ದ ಟ್ಯಾಂಟಲಮ್ ಕಿತ್ತು, ಓಮ್‌ನ ನೂರನೇ ಭಾಗದ ಲೆಕ್ಕದಲ್ಲಿ ಇಎಸ್‌ಆರ್ ಇರುವ ಪಾಲಿಮರ್ ಅಥವಾ ಸೆರಾಮಿಕ್ ಹಾಕಿದರೆ ರೆಗ್ಯುಲೇಟರ್ ಆಂದೋಲನಕ್ಕೆ ಬೀಳಬಹುದು. ಮಲ್ಟಿಮೀಟರ್‌ನಲ್ಲಿ 3.3 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ಆಸಿಲೋಸ್ಕೋಪ್‌ನಲ್ಲಿ ಮಾತ್ರ ಕುಣಿತ ಗೊತ್ತಾಗುತ್ತದೆ. "ಮೇಲ್ದರ್ಜೆಗೇರಿಸಿದ" ಬೋರ್ಡ್ ಮೊದಲಿಗಿಂತ ಹೆಚ್ಚು ತೊಂದರೆ ಕೊಡುವ ಪ್ರಸಂಗಗಳ ಹಿಂದೆ ಇಂಥ ಕಾರಣ ಇರುವುದುಂಟು.

ಪಾಲಿಮರ್ ಕೆಪಾಸಿಟರ್‌ಗಳು ಪ್ರೊಸೆಸರ್ ಸುತ್ತಲಿನ ಕಡಿಮೆ ವೋಲ್ಟೇಜ್ ಜಾಗಗಳಿಗೆ ಬಹಳ ಚೆನ್ನಾಗಿ ಹೊಂದುತ್ತವೆ. ಆದರೆ ಅವುಗಳ ಸೋರುವ ಕರೆಂಟ್ ಹೆಚ್ಚು. ಬ್ಯಾಟರಿಯಿಂದ ಸದಾ ಜೀವಂತವಾಗಿರುವ ಸರ್ಕಿಟ್‌ಗೂ ದೀರ್ಘ ಕಾಲಮಾಪನದ ಸರ್ಕಿಟ್‌ಗೂ ಅವು ಬೇಡ.

ಸೆರಾಮಿಕ್, ಟ್ಯಾಂಟಲಮ್, ಫಿಲ್ಮ್

ಬೋರ್ಡಿನ ಮೇಲೆ ಗೋಧಿ ಬಣ್ಣದ ಚೂರುಗಳಂತಿರುವ ಸೆರಾಮಿಕ್ ಚಿಪ್‌ಗಳ ಮೇಲೆ ಏನೂ ಬರೆದಿರುವುದಿಲ್ಲ. ಬೋರ್ಡ್ ಬಾಗಿದಾಗ ಬಿರುಕು ಬಿಟ್ಟು ಶಾರ್ಟ್ ಆಗುವುದು ಇವುಗಳ ಸ್ವಭಾವ. ಒಂದೇ ಪೂರೈಕೆಯ ಸಾಲಿಗೆ ಇಂಥ ಇಪ್ಪತ್ತು ಚಿಪ್‌ಗಳು ಜೋಡಿಸಿದ್ದು ಅದರಲ್ಲೊಂದು ಶಾರ್ಟ್ ಆಗಿದ್ದರೆ, ಕರೆಂಟ್ ಮಿತಿ ಇರುವ ಬೆಂಚ್ ಸಪ್ಲೈಯಿಂದ ಆ ಸಾಲಿನ ನಿಗದಿತ ವೋಲ್ಟೇಜ್ ಮೀರದಂತೆ, ಒಂದು ವೋಲ್ಟ್ ಆಸುಪಾಸಿನಿಂದ ಶುರುಮಾಡಿ ಕೊಟ್ಟು, ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಬೇಕು. ಎಲ್ಲಿ ಮೊದಲು ಆರುತ್ತದೋ ಅಲ್ಲಿ ಬಿಸಿಯಿದೆ. ಬದಲಿಗೆ ಪಕ್ಕದ ತದ್ರೂಪಿಯನ್ನು ಕಳಚಿ ಅಳೆಯಬಹುದು, ಐಸಿಯ ಡೇಟಾಶೀಟ್‌ನ ಮಾದರಿ ಸರ್ಕಿಟ್ ನೋಡಬಹುದು. ಮೂರಕ್ಷರದ ಸಂಕೇತದಿಂದ ಗುರುತಿಸುವ ಸೆರಾಮಿಕ್ ಜಾತಿಯನ್ನು ಮರೆಯಬಾರದು: ಸಿ0ಜಿ ಉಷ್ಣತೆಗೆ ಜಗ್ಗದು, ಕಾಲಮಾಪನಕ್ಕೆ ಅದೇ ಬೇಕು, ಎಕ್ಸ್7ಆರ್ ಮೈನಸ್ 55ರಿಂದ 125 ಡಿಗ್ರಿವರೆಗೆ ಶೇಕಡಾ 15ರೊಳಗೆ ನಿಲ್ಲುತ್ತದೆ, ವೈ5ವಿ ತನ್ನ ಶ್ರೇಣಿಯ ತುದಿಯಲ್ಲಿ ಶೇಕಡಾ 82ರಷ್ಟು ಸಾಮರ್ಥ್ಯ ಕಳೆದುಕೊಳ್ಳಲು ಅನುಮತಿ ಪಡೆದಿದೆ. ಸಿ0ಜಿ ಬಿಟ್ಟು ಉಳಿದವು ಡಿಸಿ ವೋಲ್ಟೇಜ್ ಹೇರಿದಾಗಲೂ ಕುಗ್ಗುತ್ತವೆ, ಗಾತ್ರ ಚಿಕ್ಕದಾದಷ್ಟೂ ಹೆಚ್ಚು ಕುಗ್ಗುತ್ತವೆ.

ಟ್ಯಾಂಟಲಮ್ ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗುತ್ತದೆ, ಕೆಲವೊಮ್ಮೆ ಹೊತ್ತಿ ಉರಿಯುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಬಗೆಯದನ್ನು ಸರ್ಕಿಟ್ ವೋಲ್ಟೇಜ್‌ನ ಕನಿಷ್ಠ ಎರಡರಷ್ಟು ನಮೂದಿರುವಂತೆ ಆರಿಸುವುದು ರೂಢಿ. ಧ್ರುವದ ಗುರುತಿನಲ್ಲಿ ಇದು ಉಲ್ಟಾ ಎಂಬುದು ನೆನಪಿರಲಿ: ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್‌ನ ಪಟ್ಟಿ ಋಣ ಕಾಲನ್ನು ತೋರಿದರೆ, ಟ್ಯಾಂಟಲಮ್ ಚಿಪ್‌ನ ಪಟ್ಟಿ ಧನ ತುದಿಯನ್ನು ತೋರುತ್ತದೆ.

ಮೇನ್ಸ್‌ಗೆ ನೇರವಾಗಿ ತಗುಲಿಕೊಂಡಿರುವ ಎಕ್ಸ್ ಮತ್ತು ವೈ ವರ್ಗದ ಕೆಪಾಸಿಟರ್‌ಗಳಲ್ಲಿ ಸಲಿಗೆಯೇ ಇಲ್ಲ. ಎರಡು ತಂತಿಗಳ ನಡುವಿನದು ಎಕ್ಸ್, ತಂತಿಗೂ ಭೂಸಂಪರ್ಕಕ್ಕೂ ನಡುವಿನದು ಅಥವಾ ಟ್ರಾನ್ಸ್‌ಫಾರ್ಮರ್‌ನ ಎರಡು ಬದಿಗಳನ್ನು ಜೋಡಿಸುವುದು ವೈ. ವೈ ಶಾರ್ಟ್ ಆದರೆ ಉಪಕರಣದ ಲೋಹದ ಮೈಗೆ ಮೇನ್ಸ್ ಬರುತ್ತದೆ. ಆದ್ದರಿಂದ 1 ಕಿಲೋವೋಲ್ಟ್ ಎಂದು ಬರೆದಿರುವ ಸಾಮಾನ್ಯ ಡಿಸ್ಕ್ ಸೆರಾಮಿಕ್ ಅದರ ಜಾಗ ತುಂಬಲಾರದು. ಐಇಸಿ 60384-14 ಮಾನದಂಡದಂತೆ ಪರೀಕ್ಷೆಗೊಂಡು ಅದೇ ವರ್ಗದ ಮುದ್ರೆ ಇರುವುದನ್ನೇ ಹಾಕಬೇಕು, ಸಾಮರ್ಥ್ಯವನ್ನೂ ಹೆಚ್ಚಿಸಬಾರದು, ಏಕೆಂದರೆ ಸೋರುವ ಕರೆಂಟ್ ಅದರೊಂದಿಗೇ ಏರುತ್ತದೆ.

ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕವೇ ವೋಲ್ಟೇಜ್ ಇಳಿಸುವ ಬೋರ್ಡ್‌ಗಳಲ್ಲಿ ಎಕ್ಸ್2 ಫಿಲ್ಮ್ ಕೆಪಾಸಿಟರ್ ಒಂದು ವಿಚಿತ್ರ ಬಗೆಯಲ್ಲಿ ಸವೆಯುತ್ತದೆ. ಪ್ರತಿ ಸಣ್ಣ ಒಳಸ್ಫೋಟಕ್ಕೂ ಲೋಹದ ಪದರದ ಚೂರೊಂದು ಆವಿಯಾಗಿ, ಕೆಪಾಸಿಟರ್ ತನ್ನನ್ನು ತಾನೇ ವಾಸಿ ಮಾಡಿಕೊಂಡು, ಸಾಮರ್ಥ್ಯವನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತದೆ. 230 ವೋಲ್ಟ್, 50 ಹರ್ಟ್ಸ್‌ನಲ್ಲಿ 0.47 ಮೈಕ್ರೊಫ್ಯಾರಡ್ ಸುಮಾರು 34 ಮಿಲಿಆಂಪಿಯರ್ ಹರಿಸಬಲ್ಲದು, ಅದು 0.2ಕ್ಕೆ ಕುಸಿದರೆ 14 ಮಾತ್ರ. ರಿಲೇ ಕಟಕಟ ಎನ್ನುತ್ತದೆ, ಹಿಡಿಯುವುದಿಲ್ಲ. ಇಲ್ಲಿ ಮಲ್ಟಿಮೀಟರ್‌ನ ಕೆಪಾಸಿಟೆನ್ಸ್ ಶ್ರೇಣಿಯೇ ಸಾಕು, ಇಎಸ್‌ಆರ್ ಮೀಟರ್ ಬೇಕಿಲ್ಲ.

ಕೂರಿಸುವಾಗ

ವ್ಯಾಸ, ಎತ್ತರ, ಕಾಲುಗಳ ಅಂತರ ಮೊದಲೇ ಅಳೆಯಬೇಕು: 8 ಮಿಲಿಮೀಟರ್ ವ್ಯಾಸಕ್ಕೆ 3.5, 10 ಮಿಲಿಮೀಟರ್‌ಗೆ 5 ಮಿಲಿಮೀಟರ್ ಅಂತರ ಸಾಮಾನ್ಯ. ಕಾಲುಗಳನ್ನು ಉದ್ದ ಬಿಟ್ಟು ಓರೆಯಾಗಿ ನಿಲ್ಲಿಸಿದರೆ ಆ ಉದ್ದವೇ ಕಡಿಮೆ ಇಂಪೀಡೆನ್ಸ್‌ನ ಲಾಭವನ್ನು ತಿನ್ನುತ್ತದೆ. ಹಳೆಯದನ್ನು ಕೀಳುವ ಮೊದಲು ಬೋರ್ಡಿನ ಫೋಟೋ ತೆಗೆದಿಡುವುದು ಲೇಸು, ಏಕೆಂದರೆ ಬೋರ್ಡ್ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಸಾಮಾನ್ಯವಾಗಿ ಋಣವನ್ನು ಸೂಚಿಸಿದರೂ ಕೆಲವು ತಯಾರಕರು ಅದನ್ನೇ ಧನಕ್ಕೆ ಬಳಸಿದ್ದಾರೆ. ಬಹುಪದರದ ಬೋರ್ಡ್‌ಗಳಲ್ಲಿ ಗ್ರೌಂಡ್ ಕಾಲು ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಹೊಸ ಸೋಲ್ಡರ್ ಸೇರಿಸಿ, ಬೋರ್ಡನ್ನು ಮೊದಲೇ ಬೆಚ್ಚಗೆ ಮಾಡಿ, ಬಲ ಪ್ರಯೋಗಿಸದೆ ತೆಗೆಯಬೇಕು. ಸೋರಿದ ದ್ರವ ಬಿದ್ದ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಹಸಿರು ಕಟ್ಟಿದ ತಾಮ್ರದ ಗೆರೆಗಳು ಒಳಗೆ ತುಂಡಾಗಿವೆಯೇ ಎಂದು ಮೀಟರ್‌ನಿಂದ ನೋಡಬೇಕು.

ಬೆಸುಗೆ ಮುಗಿದ ಮೇಲೆ ಉಪಕರಣವನ್ನು ಪೂರ್ಣ ಭಾರದಲ್ಲಿ ಒಂದು ಗಂಟೆ ಓಡಿಸಿ, ಆಸಿಲೋಸ್ಕೋಪನ್ನು ಎಸಿ ಜೋಡಣೆಯಲ್ಲಿಟ್ಟು ಔಟ್‌ಪುಟ್‌ನ ಅಲೆ ನೋಡಬೇಕು, ಥರ್ಮಾಮೀಟರ್‌ನ ತುದಿಯನ್ನು ಹೊಸ ಕೆಪಾಸಿಟರ್‌ನ ಮೈಗೆ ತಾಗಿಸಿ ಬಿಸಿ ಅಳೆಯಬೇಕು. ಸುತ್ತಲಿನ ಗಾಳಿಗಿಂತ ಅದು ಬಹಳ ಬಿಸಿಯಾಗಿದ್ದು ಪಕ್ಕದಲ್ಲಿ ಬೇರೆ ಶಾಖದ ಮೂಲ ಇಲ್ಲದಿದ್ದರೆ, ಆರಿಸಿದ ಸರಣಿಗೆ ಆ ಜಾಗದ ರಿಪಲ್ ಕರೆಂಟ್ ಹೆಚ್ಚಾಗಿದೆ. ಪಕ್ಕದಲ್ಲಿ ಬಿಸಿಯಾದ ರೆಸಿಸ್ಟರ್, ಧೂಳು ತುಂಬಿ ನಿಂತ ಫ್ಯಾನ್ ಅಥವಾ ಸಡಿಲವಾದ ಹೀಟ್‌ಸಿಂಕ್ ಇದ್ದರೆ ಹಳೆಯದನ್ನು ಕೊಂದದ್ದು ಅದೇ. ಅದನ್ನು ಸರಿಪಡಿಸದೆ ಮುಚ್ಚಳ ಹಾಕಬಾರದು. ನನ್ನ ಮಾನಿಟರ್‌ಗೆ ಎರಡನೆಯ ಸಲ ಕಡಿಮೆ ಇಂಪೀಡೆನ್ಸ್ ಸರಣಿಯ 25 ವೋಲ್ಟ್‌ನ ಕೆಪಾಸಿಟರ್‌ಗಳನ್ನು ಹಾಕಿ, ಅವುಗಳಿಗೆ ತಾಗಿಕೊಂಡಿದ್ದ ಲೋಡ್ ರೆಸಿಸ್ಟರನ್ನು ಬೋರ್ಡಿನಿಂದ ಒಂದು ಸೆಂಟಿಮೀಟರ್ ಮೇಲಕ್ಕೆತ್ತಿ ಬೆಸೆದೆ.